ಕಾಫಿ ಬಣ್ಣದ ಗಂಗೆ

ಕಾಫಿ ಡಿಕಾಕ್ಷನ್ನಿನ ವಾಸನೆ ಅಡುಗೆಮನೆಯಿಂದ ಬಂದರೆ ಬೆಳಗಾಯಿತು ಎನ್ನುತ್ತಾರೆ. ಅದೇ ವಾಸನೆ ಕಕ್ಕಸಿನಿಂದ ಬಂದರೆ ಏನೆನ್ನಬೇಕೋ ನನಗೆ ತಿಳಿಯದು. ಹೋದ ಸೋಮವಾರ ನಮ್ಮ ಮನೆಯಲ್ಲಿ ಅದು ಅಲ್ಲಿಂದಲೇ ಬಂತು, ಮತ್ತು ಅದಕ್ಕೆ ಸಂಪೂರ್ಣ ಹೊಣೆಗಾರ ನಾನೇ.

ಎರಡು ದಿನದಿಂದ ಫ್ಲಶ್ ಟ್ಯಾಂಕಿನೊಳಗೆ ಯಾರೋ ಗುಟ್ಟು ಹೇಳುತ್ತಿರುವ ಹಾಗೆ ಸಣ್ಣ ಸದ್ದು. ನಾನು ಫಿಲ್ಟರಿನಲ್ಲಿ ಉಳಿದಿದ್ದ ಡಿಕಾಕ್ಷನ್ನನ್ನು ಲೋಟಕ್ಕೆ ಬಗ್ಗಿಸಿಕೊಂಡು, ಹಾಲನ್ನೂ ಸಕ್ಕರೆಯನ್ನೂ ಕೇಳದೆ ನೆಟ್ಟಗೆ ಬಚ್ಚಲ ಕಡೆ ಹೊರಟಾಗ ನನ್ನ ಹೆಂಡತಿ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ತರಕಾರಿ ಹೆಚ್ಚತೊಡಗಿದಳು. ನಲವತ್ತು ವರ್ಷದ ಸಂಸಾರದಲ್ಲಿ ಕೆಲವು ಪ್ರಶ್ನೆಗಳನ್ನು ಕೇಳದಿರುವುದೇ ಕ್ಷೇಮವೆಂದು ಅವಳು ಕಂಡುಕೊಂಡಿದ್ದಾಳೆ. ಟ್ಯಾಂಕಿನ ಮುಚ್ಚಳ ತೆಗೆದು ಸುರಿದೆ. ಸ್ಟೂಲು ಎಳೆದುಕೊಂಡು ಕೂತೆ. ಕಾಲು ಗಂಟೆಯಾಗುವಷ್ಟರಲ್ಲಿ ಕೆಳಗಿನ ಬಿಳಿ ಪಿಂಗಾಣಿಯ ಮೇಲೆ ಕಂದು ಬಣ್ಣದ ಒಂದು ಎಳೆ, ತಲೆಗೂದಲಿನಷ್ಟು ತೆಳ್ಳಗೆ, ಇಳಿಯತೊಡಗಿತು. ಒದ್ದೆ ಸಿಮೆಂಟು, ಹಳೇ ಕಾಫಿ... ಆ ಎರಡೂ ವಾಸನೆ ಕೂಡಿದ ಕ್ಷಣದಲ್ಲಿ ನಾನು ನಂಜನಗೂಡಿನ ಲಾಡ್ಜಿನ ಹದಿನಾಲ್ಕನೇ ನಂಬರಿನ ಬಚ್ಚಲಲ್ಲಿ ನಿಂತಿದ್ದೆ. ಪಕ್ಕದಲ್ಲಿ ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತು, “ಬಂದ ನೋಡಿ ಸಾ ಕಳ್ಳ” ಎನ್ನುತ್ತಿದ್ದರು.

ಮೇಸ್ತ್ರಿ ಅಂದರೆ ನಲ್ಲಿ, ಪೈಪಿನ ಮೇಸ್ತ್ರಿ. ಸೋಸಲೆಯವರು. ಬೆಳಿಗ್ಗೆ ಬಸ್ಸು ಹಿಡಿದು ತಿ. ನರಸೀಪುರಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ನಂಜನಗೂಡಿಗೆ ಬರುತ್ತಿದ್ದರು. ಹೆಗಲ ಮೇಲೆ ಗೋಣಿಚೀಲ. ಅದರೊಳಗೆ ಎರಡು ಪೈಪ್ ರೆಂಚು, ಸೆಣಬಿನ ನಾರು, ಬಿಳಿ ಪೇಂಟಿನ ಡಬ್ಬಿ, ಹಳೇ ಲಾರಿ ಟ್ಯೂಬಿನ ತುಂಡುಗಳು. ಚೀಲದ ಬಾಯಿಂದ ಒಂದು ಬಿದಿರಿನ ಕೋಲು ಮಾತ್ರ ಯಾವಾಗಲೂ ತಲೆ ಹೊರಗೆ ಹಾಕಿಕೊಂಡು ಪ್ರಯಾಣ ಮಾಡುತ್ತಿತ್ತು.

ನಾನು ಆಗ ಆ ಲಾಡ್ಜಿನ ಮ್ಯಾನೇಜರು. ಪದವಿ ದೊಡ್ಡದು. ಕೆಲಸವೆಂದರೆ ಬೀಗದ ಕೈ ಕೊಡುವುದು, ಬೀಗದ ಕೈ ಇಸಿದುಕೊಳ್ಳುವುದು, ಈ ಎರಡರ ನಡುವೆ ‘ಬಿಸಿನೀರು ಎಷ್ಟು ಗಂಟೆಗೆ’ ಎಂಬ ಸನಾತನ ಪ್ರಶ್ನೆಗೆ ಉತ್ತರಿಸುವುದು. ಕೆಳಗೆ ಒಂದು ಹೋಟೆಲು, ಬೀದಿ ಕಡೆಗೆ ಆರು ಅಂಗಡಿ, ಮೇಲೆ ಎರಡು ಮಹಡಿಗಳಲ್ಲಿ ಇಪ್ಪತ್ತನಾಲ್ಕು ರೂಮು. ನಂಜುಂಡನ ದರ್ಶನಕ್ಕೆ ಬರುವ ಭಕ್ತಾದಿಗಳು ಕಪಿಲೆಯಲ್ಲಿ ಮಿಂದು ಪಾಪ ಕಳೆದುಕೊಳ್ಳುತ್ತಿದ್ದರು. ಆಮೇಲೆ ನಮ್ಮ ರೂಮಿಗೆ ಬಂದು ಕಪಿಲೆಯನ್ನು ಕಳೆದುಕೊಳ್ಳಲು ಇನ್ನೊಂದು ಸ್ನಾನ ಮಾಡುತ್ತಿದ್ದರು. ಮೊದಲನೆಯ ಸ್ನಾನದ ಖರ್ಚು ಹೊಳೆಯದು, ಎರಡನೆಯದು ನಮ್ಮ ಯಜಮಾನರದು.

ಯಜಮಾನರು ತಿ. ನರಸೀಪುರದವರು. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಅವರದೇ ಒಂದು ಕಾಂಪ್ಲೆಕ್ಸೂ ಇತ್ತು. ಹಣೆ ತುಂಬ ವಿಭೂತಿ, ಗರಿಗರಿ ಪಂಚೆ, ಪ್ರತಿ ಶುಕ್ರವಾರ ಹತ್ತು ಗಂಟೆಗೆ ಸರಿಯಾಗಿ ಲಾಡ್ಜಿಗೆ ಸವಾರಿ. ಆ ವರ್ಷ ಶಿವರಾತ್ರಿಗೆ ಮುಂಚೆಯೇ ನಮ್ಮ ಬೋರು ಅರ್ಧಕ್ಕರ್ಧ ಕೈಕೊಟ್ಟಿತ್ತು. ದಿನಕ್ಕೆ ಮೂರು ಟ್ಯಾಂಕರು ನೀರು ತರಿಸುತ್ತಿದ್ದೆವು. ಮೂರನೆಯ ಟ್ಯಾಂಕರಿನವನು ಬಿಲ್ಲು ಕೊಡುವಾಗ ನನ್ನನ್ನು ಕನಿಕರದಿಂದ ನೋಡಲು ಶುರುಮಾಡಿದ್ದ. ಒಂದು ಶುಕ್ರವಾರ ಯಜಮಾನರು ಆ ಬಿಲ್ಲುಗಳ ಕಟ್ಟನ್ನು ಒಂದು ಸಲ ಎತ್ತಿ ತೂಗಿ ನೋಡಿದರು. ಓದುವ ಗೋಜಿಗೆ ಹೋಗಲಿಲ್ಲ, ತೂಕವೇ ಸಾಕಾಯಿತು. ಯುಗಾದಿಯೊಳಗೆ ಟ್ಯಾಂಕರು ನಿಲ್ಲಬೇಕು, ನಿಲ್ಲದಿದ್ದರೆ ಮೇಲಿನ ಎರಡೂ ಮಹಡಿಯನ್ನು ಅಕ್ಕಿ ಮೂಟೆ ಇಡಲು ಬಾಡಿಗೆಗೆ ಕೊಡುತ್ತೇನೆ ಎಂದರು. “ಅಕ್ಕಿ ಸ್ನಾನ ಮಾಡಲ್ಲ ನೋಡಿ ಮ್ಯಾನೇಜ್ರೇ” ಎಂದು ಸೇರಿಸಿದರು.

ಅಕ್ಕಿಗೆ ಬೀಗದ ಕೈ ಕೊಡುವ ಮ್ಯಾನೇಜರೂ ಬೇಕಾಗುವುದಿಲ್ಲ. ನನಗೆ ಐವತ್ತು ದಾಟಿತ್ತು. ಬೇರೆ ಕಡೆ ಹೋಗಿ ನಾನು ಬೀಗದ ಕೈ ಕೊಡುವುದರಲ್ಲಿ ಅನುಭವಸ್ಥ ಎಂದರೆ ಯಾರು ಕೇಳುತ್ತಾರೆ? ನನ್ನ ಜೊತೆಗೆ ರೂಮುಗಳನ್ನು ಗುಡಿಸಿ ತೊಳೆಯುವ ಅಕ್ಕ ಇದ್ದರು. ನನಗಿಂತ ಚಿಕ್ಕವರೇ, ಆದರೆ ಇಡೀ ಲಾಡ್ಜು ಅವರನ್ನು ಅಕ್ಕ ಎನ್ನುತ್ತಿತ್ತು. ಅವರ ಕೈಕೆಳಗೆ ಇನ್ನು ಮೂರು ಹೆಂಗಸರು. ಎಲ್ಲರ ಮನೆಯ ಒಲೆಯೂ ಆ ಇಪ್ಪತ್ತನಾಲ್ಕು ಬಚ್ಚಲ ನೀರಿನಿಂದ ಉರಿಯುತ್ತಿತ್ತು. ವಿಜ್ಞಾನ ಒಪ್ಪದಿದ್ದರೂ ಅದು ನಿಜ.

ಇಲ್ಲಿ ಇನ್ನೊಂದು ಸಂಗತಿಯನ್ನು ಭಕ್ತಿಪೂರ್ವಕವಾಗಿ ನಿವೇದಿಸಬೇಕು. ಲಾಡ್ಜಿನ ಹಿತ್ತಲಲ್ಲಿ ಯಜಮಾನರು ತಮ್ಮ ಕೈಯಾರೆ ನೆಟ್ಟ ರಸಬಾಳೆಯ ಹಿಂಡಿತ್ತು. ಈ ಟ್ಯಾಂಕರು ಕಾಟಕ್ಕೆ ಎರಡು ವರ್ಷ ಹಿಂದೆ, ಕಲ್ಲು ಕಾಯುವ ಬೇಸಿಗೆಯಲ್ಲಿ, ಆ ಬಾಳೆಯ ಬುಡದಲ್ಲಿ ತಂತಾನೇ ನೀರು ಒಸರಿತು. ಗಂಗಮ್ಮ ತಾಯಿ ಎದ್ದಿದ್ದಾಳೆ ಎಂದರು ಯಜಮಾನರು. ಹೇಳಿದವರು ಯಜಮಾನರಾದ್ದರಿಂದ ನಾವೂ ಹಾಗೇ ಅಂದೆವು. ಮೊಣಕಾಲೆತ್ತರದ ಕಟ್ಟೆ ಎದ್ದಿತು, ಕಲ್ಲು ಕೂತಿತು, ಕಲ್ಲಿಗೆ ಅರಿಶಿನ ಕುಂಕುಮ ಬಂತು. ಶುಕ್ರವಾರದ ಭೇಟಿ ಶುಕ್ರವಾರದ ಪೂಜೆಯಾಯಿತು. ಯಾತ್ರಿಕರಲ್ಲಿ ಕೆಲವರು ತೀರ್ಥವನ್ನು ಬಾಟಲಿಯಲ್ಲಿ ತುಂಬಿಕೊಂಡು ಊರಿಗೂ ಒಯ್ದರು. ಹೀಗೆ ನಾವು ಮುಂಬಾಗಿಲಲ್ಲಿ ಟ್ಯಾಂಕರಿನಿಂದ ನೀರು ಇಳಿಸಿಕೊಳ್ಳುತ್ತಿದ್ದೆವು, ಹಿಂಬಾಗಿಲಲ್ಲಿ ಗಂಗೆಗೆ ಮಂಗಳಾರತಿ ಎತ್ತುತ್ತಿದ್ದೆವು. ಓದುವವರಿಗೆ ಇಷ್ಟರಲ್ಲೇ ಏನೋ ಹೊಳೆದಿರಬೇಕು. ನಮಗೆ ಎರಡು ವರ್ಷ ಹೊಳೆಯಲಿಲ್ಲ. ಎರಡು ಬಾಗಿಲಿನಲ್ಲೂ ಒಟ್ಟಿಗೆ ನಿಲ್ಲುವ ಮನುಷ್ಯ ನಮ್ಮಲ್ಲಿ ಯಾರೂ ಇರಲಿಲ್ಲ.

ಮೇಸ್ತ್ರಿಯನ್ನು ಕಳಿಸಿದವರು ನರಸೀಪುರದ ಕಾಂಪ್ಲೆಕ್ಸಿನ ಬಾಡಿಗೆದಾರರೊಬ್ಬರು. ಮೊದಲ ದಿನ ಮೇಸ್ತ್ರಿ ರೆಂಚನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಸಂಪಿನ ಬಾಯಿಂದ ಹಿಡಿದು ಮೇಲಿನ ಟ್ಯಾಂಕಿನವರೆಗೆ, ಅಲ್ಲಿಂದ ಒಂದೊಂದೇ ರೂಮಿಗೆ ಇಳಿಯುತ್ತ, ದಿನವಿಡೀ ಓಡಾಡಿದರು. ಆ ಬಿದಿರಿನ ಕೋಲಿನ ಒಂದು ತುದಿಯನ್ನು ಪೈಪಿಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಎದೆ ನೋಡುವಾಗ ನಿಲ್ಲುವಂತೆ ನಾವೂ ಉಸಿರು ಬಿಗಿಹಿಡಿದು ಹಿಂದೆ ನಿಲ್ಲುತ್ತಿದ್ದೆವು. ಸಂಜೆ ಬಸ್ಸಿಗೆ ಹೊರಡುವಾಗ ನಾನು ತಡೆಯಲಾರದೆ ಕೇಳಿದೆ, ಏನು ಗೊತ್ತಾಯಿತು ಮೇಸ್ತ್ರಿ, ಎಂದು.

“ನೀರು ಎಲ್ಲಿಂದ ತರ್ಸಾದು ಅಂತ ಎಲ್ಲಾರೂ ಕೇಳ್ತಾರೆ ಸಾ” ಎಂದರು. “ಎಲ್ಲಿಗೆ ಓಯ್ತದೆ ಅಂತ ಒಬ್ರೂ ಕೇಳಾಕಿಲ್ಲ.”

ಎರಡನೆಯ ದಿನ ಅವರಿಗೆ ಬಣ್ಣ ಬೇಕಾಯಿತು. ಫ್ಲಶ್ ಟ್ಯಾಂಕುಗಳು ಒಳಗೊಳಗೇ ಸೋರುತ್ತಿವೆಯೋ ಇಲ್ಲವೋ ಬರಿಗಣ್ಣಿಗೆ ಕಾಣುವುದಿಲ್ಲ, ಟ್ಯಾಂಕಿಗೆ ಬಣ್ಣ ಹಾಕಿ, ಯಾರೂ ಫ್ಲಶ್ ಮಾಡದೆ ಬಿಟ್ಟು, ಕೆಳಗೆ ಇಳಿಯುತ್ತದೆಯೇ ನೋಡಬೇಕು ಎಂದರು. ಒಂದಿಷ್ಟು ಅರಿಶಿನ ಇದ್ದರೆ ಸಾಕು ಎಂದರು. ಅಲ್ಲಿಗೆ ಲಾಡ್ಜಿನಲ್ಲಿ ಧರ್ಮಸಂಕಟವೊಂದು ತಲೆಯೆತ್ತಿತು.

“ಅರಿಸ್ನಾನ ಕಕ್ಕಸ್ಗೆ ಆಕಾದಾ?” ಎಂದರು ಅಕ್ಕ. “ನಿಮ್ ಮನೇಲಿ ಎಣ್ಮಕ್ಳು ಇಲ್ವಾ ಮೇಸ್ತ್ರಿ?”

ಮಧ್ಯಾಹ್ನ ಹೋಟೆಲಿನಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ನಾವೆಲ್ಲ ಸಭೆ ಸೇರಿದೆವು. ಅಡುಗೆ ಭಟ್ಟರು ಅಧ್ಯಕ್ಷತೆ ವಹಿಸಿದರು. ಹಳದಿ ಅರಿಶಿನದ ಬಣ್ಣ, ಆಗದು. ಕೆಂಪು ಕುಂಕುಮದ್ದು, ಅದಂತೂ ಬೇಡವೇ ಬೇಡ. ಬಿಳಿ ವಿಭೂತಿಯದು, ಅಲ್ಲದೆ ಪಿಂಗಾಣಿಯ ಮೇಲೆ ಕಾಣುವುದೂ ಇಲ್ಲ. ಹಸಿರು ಬಿಲ್ವಪತ್ರೆಯ ನೆನಪು ತರುತ್ತದೆ. ಬಟ್ಟೆಗೆ ಹಾಕುವ ನೀಲಿ ಆಗಬಹುದಲ್ಲ ಎಂದು ನಾನು ಸೂಚಿಸಿದೆ. ಭಟ್ಟರು ನನ್ನನ್ನು ದೀರ್ಘವಾಗಿ ನೋಡಿ, ನಾವೆಲ್ಲ ಯಾವ ದೇವರ ಊರಿನಲ್ಲಿ ಕೂತು ಅನ್ನ ತಿನ್ನುತ್ತಿದ್ದೇವೆ, ಆತನ ಕೊರಳಿನ ಬಣ್ಣ ಯಾವುದು ಎಂದು ಮೃದುವಾಗಿ ವಿಚಾರಿಸಿದರು. ನಾನು ಸೂಚನೆಯನ್ನು ಹಿಂತೆಗೆದುಕೊಂಡೆ. ಸೃಷ್ಟಿಯಲ್ಲಿರುವ ಬಣ್ಣಗಳೆಲ್ಲ ಹೀಗೆ ಮುಗಿದವು. ಆಗ ಒಲೆಯ ಪಕ್ಕದ ಪಾತ್ರೆ ಮೇಸ್ತ್ರಿಯ ಕಣ್ಣಿಗೆ ಬಿತ್ತು. ಬೆಳಗಿನಿಂದ ಇಳಿದಿಳಿದು ರುಚಿ ಸತ್ತ, ಇನ್ನೇನು ಚೆಲ್ಲಬೇಕಾದ ಡಿಕಾಕ್ಷನ್ನು. ಕಾಫಿಗೆ ಯಾವ ದೇವರೂ ಇಲ್ಲವೆಂದು ಸಭೆ ಒಮ್ಮತದಿಂದ ತೀರ್ಮಾನಿಸಿತು. ಬೆಳಗಿನ ಐದು ಗಂಟೆಯಲ್ಲಿ ಸಭೆ ಸೇರಿದ್ದರೆ ಅಷ್ಟು ಸುಲಭವಾಗಿ ಒಮ್ಮತ ಬರುತ್ತಿರಲಿಲ್ಲ.

ಇಪ್ಪತ್ತನಾಲ್ಕು ಟ್ಯಾಂಕುಗಳಲ್ಲಿ ಹತ್ತೊಂಬತ್ತು ಸೋರುತ್ತಿದ್ದವು. ಹದಿನಾಲ್ಕನೇ ನಂಬರಿನಲ್ಲಿದ್ದ ಹಿರಿಯರೊಬ್ಬರು ಬಂದು, ವಾಸನೆ ಬಹಳ ಚೆನ್ನಾಗಿದೆ, ಆದರೆ ಜಾಗ ಸರಿಯಿಲ್ಲ ಎಂದು ದೂರು ಕೊಟ್ಟರು. ಮೇಸ್ತ್ರಿ ಬಾಗಿಲ ಹತ್ತಿರ ಕೂತು, ಚಕ್ಕುಲಿ ಮಾಡುವ ಹೆಂಗಸಿನ ಕೈಚಳಕದಲ್ಲಿ ಲಾರಿ ಟ್ಯೂಬಿನಿಂದ ವಾಷರುಗಳನ್ನು ಕತ್ತರಿಸುತ್ತ ಹೋದರು. ಅಂಗಡಿಯ ವಾಷರು ಯಾಕೆ ಬೇಡ ಎಂದರೆ, ಅದು ಗ್ಯಾರಂಟಿ ಮುಗಿಯುವ ತನಕ ಮಾತ್ರ ಇರುತ್ತದೆ, ಲಾರಿ ಟ್ಯೂಬಿಗೆ ಗ್ಯಾರಂಟಿ ಇಲ್ಲ, ಅದಕ್ಕೇ ಅದು ಮುಗಿಯುವುದೂ ಇಲ್ಲ ಎಂದರು.

ಬಕೆಟ್ಟಿನ ವಿಷಯ ಇದಕ್ಕಿಂತ ಕಷ್ಟದ್ದಾಗಿತ್ತು. ನಮ್ಮಲ್ಲಿ ಹೊಸ ಗಿರಾಕಿಗೆ ಖಾಲಿ ಬಕೆಟ್ಟು ತೋರಿಸಿ ಗೊತ್ತಿಲ್ಲ. ಬಾಗಿಲು ತೆರೆದ ಕೂಡಲೇ ಖಾಲಿ ಪಾತ್ರೆ ಕಂಡರೆ ಅಪಶಕುನ. ಹಾಗೆಂದು ಒಬ್ಬರು ಬಿಟ್ಟುಹೋದ ನೀರನ್ನು ಇನ್ನೊಬ್ಬರಿಗೆ ಕೊಡುವುದು ಮೈಲಿಗೆ. ಆದ್ದರಿಂದ ಅಕ್ಕ ದಿನಾ ಬೆಳಿಗ್ಗೆ ಇಪ್ಪತ್ತನಾಲ್ಕು ತುಂಬಿದ ಬಕೆಟ್ಟುಗಳನ್ನು ಶಾಸ್ತ್ರೋಕ್ತವಾಗಿ ಚೆಲ್ಲಿ, ಮತ್ತೆ ಇಪ್ಪತ್ತನಾಲ್ಕನ್ನೂ ತುಂಬುತ್ತಿದ್ದರು. ನಾನು ಒಮ್ಮೆ ಬೇಡವೆಂದು ಹೇಳಹೋಗಿ ಎರಡು ದಿನ ಕಾಫಿಯಿಲ್ಲದೆ ಕೂತಿದ್ದೆ. ಅಕ್ಕನ ಸಿಟ್ಟು ಹೋಟೆಲಿನವರೆಗೂ ಆಳ್ವಿಕೆ ನಡೆಸುತ್ತಿತ್ತು. ಮೇಸ್ತ್ರಿ ವಾದ ಮಾಡಲಿಲ್ಲ. ಅಕ್ಕನ ಪಕ್ಕ ಮೆಟ್ಟಿಲ ಮೇಲೆ ಕೂತು ಎಲೆಅಡಿಕೆ ಕೇಳಿ ಹಾಕಿಕೊಂಡು, ಮನೆಗೆ ನೆಂಟರು ಬಂದರೆ ಮೊದಲು ಏನು ಕೊಡುತ್ತೀರಿ ತಾಯಿ ಎಂದರು. ಒಂದು ಚೊಂಬು ನೀರು, ಇನ್ನೇನು, ಎಂದರು ಅಕ್ಕ.

“ಅದೇ ನಾನೂ ಅನ್ನಾದು. ಚೊಂಬು ಕೊಡಾದು ಕೇಳಿವ್ನಿ. ಬಕೀಟು ಕೊಡಾದು ಯಾವ್ ಸೀಮೆ ಮರ್ಯಾದಿ ತಾಯಿ?”

ಅಕ್ಕ ಎಲೆಗೆ ಸುಣ್ಣ ಸವರುತ್ತ ಯೋಚಿಸಿದರು. ಮಾರನೆಯ ದಿನ ನಾನು ಅಂಗಡಿ ಬೀದಿಗೆ ಹೋಗಿ ಇಪ್ಪತ್ತನಾಲ್ಕು ಸ್ಟೀಲ್ ಚೊಂಬು ತಂದೆ. ಬಕೆಟ್ಟು ಬೋರಲು, ಅದರ ಪಕ್ಕದಲ್ಲಿ ಮಣೆ, ಮಣೆಯ ಮೇಲೆ ತುಂಬಿದ ಚೊಂಬು. ಗಿರಾಕಿಗಳು ಬಹಳ ಸಂತೋಷಪಟ್ಟರು. ಈ ಕಾಲದಲ್ಲೂ ಇಷ್ಟು ಸಂಪ್ರದಾಯವೇ ಎಂದು ಒಬ್ಬರು ಕಣ್ಣೊರೆಸಿಕೊಂಡರು.

ಮೂರು ಟ್ಯಾಂಕರು ಒಂದಕ್ಕೆ ಇಳಿಯಿತು. ಅಲ್ಲಿಗೆ ನಿಂತಿತು. ಯುಗಾದಿಗೆ ಹನ್ನೆರಡು ದಿನ ಉಳಿದಿತ್ತು. ಆ ಒಂದು ಟ್ಯಾಂಕರು ಮಾತ್ರ ಏನು ಮಾಡಿದರೂ ತಪ್ಪಲಿಲ್ಲ. ಯಜಮಾನರು ಒಂದೂ ಇರಬಾರದು ಎಂದಿದ್ದರು. ಅವರು ಮಾತಿಗೆ ತಪ್ಪುವವರಲ್ಲ ಎಂಬುದು ಊರಿನಲ್ಲೆಲ್ಲ ಪ್ರಸಿದ್ಧವಾಗಿತ್ತು, ಆ ಗುಣದ ಬಗ್ಗೆ ನನಗೆ ಮೊದಲ ಬಾರಿ ಬೇಸರವಾಯಿತು.

ಒಂದು ಮಧ್ಯಾಹ್ನ, ಯಾತ್ರಿಕರೆಲ್ಲ ದೇವಸ್ಥಾನಕ್ಕೆ ಹೋಗಿ ಎಲ್ಲ ನಲ್ಲಿಗಳೂ ಮುಚ್ಚಿದ್ದಾಗ, ಮೇಸ್ತ್ರಿ ಮೇಲಿನ ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಇದ್ದಿಲಿನಿಂದ ಒಂದು ಗೆರೆ ಎಳೆದರು. ಒಂದು ಗಂಟೆಯ ಮೇಲೆ ನೋಡಿದರೆ ನೀರು ಗೆರೆಗಿಂತ ಒಂದು ಗೇಣು ಕೆಳಗಿತ್ತು. ಯಾರೂ ಮುಟ್ಟದೆ ಒಂದು ಗೇಣು. ಕೋಲು ತೆಗೆದುಕೊಂಡು ಗೋಡೆಯ ಉದ್ದಕ್ಕೂ ಕಿವಿಗೊಡುತ್ತ ಇಳಿದರು. ಹಿಂದಿನ ಗೋಡೆಯಲ್ಲಿ ಹಳೆಯದೊಂದು ಪೈಪು ಇಳಿದು, ನೆಲದ ಹತ್ತಿರ ಗೋಣಿ ಮೂಟೆಗಳ ಮರೆಯಲ್ಲಿ ಒಂದು ತುಕ್ಕು ಹಿಡಿದ ವಾಲ್ವು ದಾಟಿ, ಮಣ್ಣೊಳಗೆ ಹೋಗುತ್ತಿತ್ತು. ಮೇಸ್ತ್ರಿ ನೆಲಕ್ಕೆ ಕೋಲೂರಿ, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ... ಬಾಳೆಯ ಹಿಂಡಿನ ಮುಂದೆ ನಿಂತರು. ಕಟ್ಟೆಯನ್ನು ನೋಡಿದರು. ಕಲ್ಲನ್ನು ನೋಡಿದರು. ಚಪ್ಪಲಿ ಬಿಟ್ಟು ಕೈಮುಗಿದರು. ಆಮೇಲೆ ನನ್ನ ಹತ್ತಿರ ಬಂದು ಬಹಳ ಮೆಲ್ಲಗೆ, “ಸಾ, ತಾಯಿ ಟ್ಯಾಂಕರ್ನಲ್ಲಿ ಬತ್ತಾವ್ಳೆ” ಎಂದರು.

ನನ್ನ ಕಾಲ ಕೆಳಗಿನ ನೆಲ ನಿಜವಾಗಿಯೂ ಒದ್ದೆಯಾಗಿತ್ತು. ಆ ಜಾಗದಲ್ಲಿ ಹಿಂದೆ ಬಟ್ಟೆ ಒಗೆಯುವ ಕಲ್ಲಿತ್ತು, ಕಲ್ಲಿಗೊಂದು ನಲ್ಲಿ ಇತ್ತು. ಯಜಮಾನರಿಗೆ ಬಾಳೆ ಹಾಕುವ ಮನಸ್ಸಾದಾಗ ಕಲ್ಲು ತೆಗೆಸಿ, ನಲ್ಲಿ ಬಿಚ್ಚಿಸಿ, ಪೈಪಿನ ಬಾಯಿಗೆ ಮರದ ಬೆಣೆ ಹೊಡೆಸಿ ಮಣ್ಣು ಮುಚ್ಚಿಸಿದವನು ನಾನೇ. ಕಬ್ಬಿಣದ ಮುಚ್ಚಳ ತರಿಸಬಹುದಿತ್ತು. ಅಷ್ಟು ಉಳಿತಾಯ ಮಾಡಿದೆನೆಂದು ಅಂದು ಮನೆಗೆ ಹೋಗಿ ಹೆಂಡತಿಗೂ ಹೇಳಿಕೊಂಡಿದ್ದೆ.

ವಾಲ್ವು ಮುಚ್ಚಿಬಿಡೋಣ, ನಿಂತರೆ ಗೊತ್ತಾಗುತ್ತದಲ್ಲ ಎಂದೆ. ಮೇಸ್ತ್ರಿ ತಲೆಯಾಡಿಸಿದರು. ನೀರು ನಿಂತರೆ ತಾಯಿ ಮುನಿಸಿಕೊಂಡಳು ಎನ್ನುತ್ತಾರೆ, ಕೈ ಹಾಕಿದವರಿಗೆ ಶಾಪ ಎನ್ನುತ್ತಾರೆ, ಯಜಮಾನರು ಕಣ್ಣಾರೆ ನೋಡಬೇಕು, ಬಣ್ಣ ಬರಬೇಕು ಎಂದರು. ಗುರುವಾರ ಸಂಜೆ ಮೇಲೆ ಟ್ಯಾಂಕಿನ ಬಾಯಿ ಕಟ್ಟಿ, ಪೈಪು ಖಾಲಿಯಾಗಲು ಬಿಟ್ಟು, ಕೆಳಗಿನ ಆ ತುಕ್ಕು ವಾಲ್ವನ್ನು ತಿರುಗಿಸಿ ಬಿಗಿ ಮಾಡಿದರು. ಮೇಲಿನ ಜಾಯಿಂಟು ಬಿಚ್ಚಿ, ಭಟ್ಟರು ಎರಡು ದಿನದಿಂದ ಕೂಡಿಟ್ಟಿದ್ದ ದೊಡ್ಡ ಪಾತ್ರೆ ಡಿಕಾಕ್ಷನ್ನನ್ನು ಪೈಪಿನೊಳಗೆ ಸುರಿದು, ಜಾಯಿಂಟು ಕೂಡಿಸಿ, ಟ್ಯಾಂಕಿನ ಬಾಯಿ ಬಿಟ್ಟರು. ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ತಾವು ಬಂದು ಕೆಳಗಿನ ವಾಲ್ವು ತೆರೆಯುವುದು, ನಾವು ಮೊದಲು ನೋಡಿ ಖಾತ್ರಿ ಮಾಡಿಕೊಳ್ಳುವುದು, ಹತ್ತಕ್ಕೆ ಯಜಮಾನರು ಬಂದಾಗ ಸಮಾಧಾನವಾಗಿ ವಿಷಯ ತಿಳಿಸುವುದು. ಇದು ಯೋಜನೆ. ಬಸ್ಸಿಗೆ ಓಡುವಾಗ ತಿರುಗಿ ಹೇಳಿದರು: “ನಾ ಬರಾಗಂಟ ವಾಲು ಮುಟ್ಟಬ್ಯಾಡಿ ಸಾ.”

ಶುಕ್ರವಾರ ಎಂಟಾಯಿತು. ಮೇಸ್ತ್ರಿಯ ಬಸ್ಸು ಬರಲಿಲ್ಲ. ಎಂಟೂವರೆಗೆ ಯಜಮಾನರ ಕಾರು ಬಂತು, ಊರಿನಲ್ಲಿ ಯಾರದೋ ಮನೆಯ ನಾಮಕರಣಕ್ಕೆ ಹೋಗಬೇಕು, ಪೂಜೆ ಬೇಗ ಮುಗಿಸೋಣ ಎಂದು. ಅವರು ಹೋಟೆಲಿನಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಅಕ್ಕ ಹಿತ್ತಲಿನಿಂದ ಓಡಿ ಬಂದರು. “ಅಯ್ಯೋ ಸಾ, ಗಂಗಮ್ಮ ಒಣ್ಗೋಗವ್ಳೆ. ಶುಕ್ರವಾರ ದಿನ್ವೇ ಒಣ್ಗೋ‌ಗವ್ಳೆ.”

ಈಗ ನನ್ನ ಬುದ್ಧಿಯ ಬಗ್ಗೆ ಒಂದು ಮಾತು. ಗಂಗೆ ಯಾಕೆ ಒಣಗಿದಳೆಂದು ಇಡೀ ನಂಜನಗೂಡಿನಲ್ಲಿ ತಿಳಿದಿದ್ದವನು ನಾನೊಬ್ಬ. ಎರಡು ಗಂಟೆ ಸುಮ್ಮನೆ ಕೂತಿದ್ದರೆ ಸಾಕಿತ್ತು. ಆದರೆ ಇಪ್ಪತ್ತು ವರ್ಷ ಯಜಮಾನರ ಕೈಕೆಳಗೆ ಇದ್ದವನ ಕಾಲು ಬುದ್ಧಿಯ ಅಪ್ಪಣೆಗೆ ಕಾಯುವುದಿಲ್ಲ. ಯಜಮಾನರು ಬಂದು ನಿಂತಾಗ ಗಂಗೆ ಇಲ್ಲವೆಂದರೆ ಹೇಗೆ? ಓಡಿದೆ. ಮೂಟೆ ಸರಿಸಿದೆ. ವಾಲ್ವನ್ನು ಪೂರ್ತಿ ತಿರುಗಿಸಿದೆ. ನೆಲದೊಳಗೆ ಗುಳುಗುಳು ಎಂದಿತು. ನೀರು ಬಂತು, ಗಂಗೆ ಬಂದಳು ಎಂಬ ಸಮಾಧಾನದಲ್ಲಿ ಮುಖ ಒರೆಸಿಕೊಂಡು ಕೈಕಟ್ಟಿ ನಿಂತೆ. ಪೈಪಿನೊಳಗೆ ಏನಿತ್ತು ಎಂಬುದು ಮನಸ್ಸಿನಿಂದ ಸಂಪೂರ್ಣ ಹೋಗಿತ್ತು.

ಯಜಮಾನರು ಬಂದರು. ಮಂತ್ರ ಹೇಳುತ್ತ ಕಣ್ಣು ಅರೆಮುಚ್ಚಿಕೊಂಡೇ ಹೂವೇರಿಸಿದರು. ಬಾಳೆಯ ನೆರಳು ದಟ್ಟವಾಗಿತ್ತು, ಬಣ್ಣ ಕಾಣುವ ಜಾಗ ಅದಲ್ಲ. ಬೊಗಸೆಯಲ್ಲಿ ತೀರ್ಥ ತೆಗೆದುಕೊಂಡರು. ಆಗ ಗಾಳಿ ಬೀಸಿತು. ಆ ವಾಸನೆ ನನ್ನ ಮೂಗಿಗೆ ಬಂತು... ಬಾಯಿ ತೆರೆದೆ. ಯಜಮಾನರು ಕುಡಿದಾಗಿತ್ತು.

ಭಟ್ಟರು ಅಡುಗೆಮನೆಯ ಬಾಗಿಲಿನಿಂದ ಮರೆಯಾದರು. ಯಜಮಾನರು ಕಣ್ಣು ತೆರೆದು ಬೊಗಸೆಯನ್ನು ನೋಡಿದರು, ಕಲ್ಲನ್ನು ನೋಡಿದರು, ನಾಲಿಗೆಯನ್ನು ಒಮ್ಮೆ ಅಂಗುಳಕ್ಕೆ ತಾಗಿಸಿ ಪರೀಕ್ಷಿಸಿದರು. ಕೊನೆಗೆ, ಯಾರನ್ನೂ ಉದ್ದೇಶಿಸದೆ, “ಸಕ್ಕರೆ ಇಲ್ಲ” ಎಂದರು.

ಅದೇ ಹೊತ್ತಿಗೆ ಮೇಸ್ತ್ರಿ ಚೀಲ ಹೊತ್ತು ಹಿತ್ತಲಿಗೆ ಬಂದರು. ನನ್ನ ಮುಖ ನೋಡಿದರು, ಯಜಮಾನರ ಬೊಗಸೆ ನೋಡಿದರು. ನಡೆದದ್ದು ಅವರಿಗೆ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಚಪ್ಪಲಿ ಬಿಟ್ಟು, ಕಲ್ಲಿಗೆ ಕೈಮುಗಿದು, ಆಮೇಲೆ ಯಜಮಾನರಿಗೂ ಮುಗಿದು, ಕಾಫಿ ಸುರಿದವನು ತಾನು ಎಂದು ಹೇಳಿ, ಟ್ಯಾಂಕು, ಪೈಪು, ವಾಲ್ವು ಎಲ್ಲವನ್ನೂ ಮೊದಲಿನಿಂದ ವಿವರಿಸಿದರು. ಯಜಮಾನರು ಕೇಳುತ್ತ ಹೋದಂತೆ ಅವರ ವಿಭೂತಿಯ ಕೆಳಗಿನ ಮುಖ ಸಣ್ಣದಾಯಿತು. ಎರಡು ವರ್ಷ ಪೂಜಿಸಿದ್ದಾರೆ, ಊರಿಗೆಲ್ಲ ತೀರ್ಥ ಹಂಚಿದ್ದಾರೆ. ಸಿಟ್ಟಾಗಿದ್ದರೆ ನಮಗೆ ಸುಲಭವಾಗುತ್ತಿತ್ತು. ಅವರು ನಾಚಿಕೊಂಡಿದ್ದರು.

“ಹಾಗಾದ್ರೆ ಇದು ಗಂಗೆ ಅಲ್ಲ ಅಂತೀಯೇನಪ್ಪ?” ಎಂದರು.

“ಅಂಗನ್ನಕ್ಕೆ ನಾನ್ಯಾರು ಯಜಮಾನ್ರೇ” ಎಂದರು ಮೇಸ್ತ್ರಿ. “ಪೈಪ್ನಲ್ಲಿ ಬಂದ್ರೂ ಗಂಗೇನೇ. ನಾನು ಮೂವತ್ತು ವರ್ಷದಿಂದ ಅವ್ಳ್ನೇ ಇಡ್ಕಂಡು ಅನ್ನ ತಿಂತಾ ಇವ್ನಿ. ನೀವು ದುಡ್ಡು ಕೊಟ್ಟು ಕರ್ಸಿದ್ರಿ, ದಾರಿ ತಪ್ಪಿ ಇಲ್ಲಿ ಕೂತವ್ಳೆ. ಮ್ಯಾಲಕ್ಕೆ ಕಳ್ಸಾನ. ಇಪ್ಪತ್ನಾಕು ರೂಮಿನ್ ಜನ ಮಿಂದ್ಕಳ್ಳಿ.”

ಯಜಮಾನರು ಬಾಳೆಯ ಕಡೆ ತಿರುಗಿದರು. ಇದಕ್ಕೇನು ಗತಿ ಎಂದು ಕೇಳಿದರು. ರೂಮುಗಳ ಬಚ್ಚಲ ನೀರು ಚರಂಡಿಗೆ ಹೋಗಿ ದಂಡವಾಗುತ್ತಿದೆ, ಅದನ್ನು ತಿರುಗಿಸಿದರಾಯಿತು, ನಮ್ಮೂರಿನಲ್ಲಿ ಬಚ್ಚಲ ಹಿಂದೆ ಬಾಳೆ ಇಲ್ಲದ ಮನೆ ಯಾವುದಿದೆ ಎಂದರು ಮೇಸ್ತ್ರಿ. ಬಚ್ಚಲ ನೀರು ಕುಡಿದ ಬಾಳೆಯ ಹಣ್ಣನ್ನು ದೇವರಿಗಿಡುವುದೇ ಎಂದು ಅಕ್ಕ ತಕರಾರು ತೆಗೆದರು. ಕಪಿಲೆಯಲ್ಲಿ ಮುಳುಗಿ, ದೇವರ ದರ್ಶನ ಮಾಡಿ ಬಂದವರ ಮೈ ತೊಳೆದ ನೀರು ತಾಯಿ, ಇದಕ್ಕಿಂತ ಪುಣ್ಯದ ನೀರು ಎಲ್ಲಿಂದ ತರಲಿ ಎಂದು ಮೇಸ್ತ್ರಿ ಕೇಳಿದರು. ಯಜಮಾನರ ಮುಖ ಆಗ ಸ್ವಲ್ಪ ಸಡಿಲಾಯಿತು. ಅಕ್ಕನಿಗೆ ಹೇಳಿ ಕಾಯಿ ತರಿಸಿ, ತಾವೇ ಒಡೆದು, ಕಲ್ಲಿನ ಮುಂದೆ ಕರ್ಪೂರ ಹಚ್ಚಿ ಗಂಗೆಯನ್ನು ವಿಧಿವತ್ತಾಗಿ ಮೇಲಿನ ಟ್ಯಾಂಕಿಗೆ ಬೀಳ್ಕೊಟ್ಟರು. ನಾಮಕರಣಕ್ಕೆ ಹೋಗಲೇ ಇಲ್ಲ.

ಮೇಸ್ತ್ರಿ ಮಣ್ಣು ತೋಡಿದರು. ಪೈಪಿನ ತುದಿ ಸಿಕ್ಕಿತು. ಅವರು ಅದರ ಬಾಯಿಂದ ಕೊಳೆತ ಮರದ ಬೆಣೆಯನ್ನು ಎರಡು ಬೆರಳಿನಲ್ಲಿ ಎಳೆದು ತೆಗೆದಾಗ ಯಜಮಾನರು ಬಗ್ಗಿ ನೋಡಿ, ಕಬ್ಬಿಣದ ಪೈಪಿಗೆ ಮರದ ಬೆಣೆ ಹೊಡೆದ ಮಹಾನುಭಾವ ಯಾರು ಎಂದರು. ನಾನು ಬಾಳೆಯ ಎಲೆಗಳನ್ನು ಎಣಿಸುತ್ತಿದ್ದೆ. ಮೇಸ್ತ್ರಿ ಆ ಬೆಣೆಯನ್ನು, ಅದಕ್ಕೆ ಸುತ್ತಿದ್ದ ಲಾಡ್ಜಿನ ಹಳೇ ಟವಲಿನ ಚೂರನ್ನು ನೋಡಿದರು. ಆ ಟವಲಿನ ಕೆಂಪು ಅಂಚನ್ನು ಅವರು ಇಪ್ಪತ್ತನಾಲ್ಕು ರೂಮಿನಲ್ಲೂ ನೋಡಿದ್ದರು.

“ಯಾರೋ ಅಳೇ ಕಾಲದೋರು ಯಜಮಾನ್ರೇ. ಈಗ ಅವ್ರೆಲ್ಲವ್ರೋ ಏನೋ” ಎಂದು ಬೆಣೆಯನ್ನು ಚೀಲಕ್ಕೆ ಹಾಕಿಕೊಂಡರು. ಸಂಜೆ ಹೊರಡುವಾಗ ಒಂದು ಕಾಗದದ ಪೊಟ್ಟಣ ನನ್ನ ಕೈಗಿಟ್ಟರು. ಅದರಲ್ಲಿ ಲಾರಿ ಟ್ಯೂಬಿನ ಆರು ವಾಷರು, ಅವುಗಳ ನಡುವೆ ಆ ಬೆಣೆ. “ಮಡಿಕ್ಕಳಿ ಸಾ, ಬೇಕಾಯ್ತದೆ” ಎಂದರು, ನಗದೆ.

ಯುಗಾದಿಗೆ ನಾಲ್ಕು ದಿನ ಮುಂಚೆ ಕೊನೆಯ ಟ್ಯಾಂಕರು ಬಂದು ಹೋಯಿತು. ಟ್ಯಾಂಕರಿನವನು ಹತ್ತು ದಿನ ಬಿಟ್ಟು ನಮ್ಮ ಕ್ಷೇಮ ವಿಚಾರಿಸಲು ಫೋನು ಮಾಡಿದ. ಅಕ್ಕಿ ಮೂಟೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ಯಜಮಾನರು ಮೇಸ್ತ್ರಿಯನ್ನು ನರಸೀಪುರದ ಕಾಂಪ್ಲೆಕ್ಸಿಗೂ ಕರೆಸಿ ಅಲ್ಲಿನ ಟ್ಯಾಂಕುಗಳಿಗೆಲ್ಲ ಕಾಫಿ ಕುಡಿಸಿದರು. ಶುಕ್ರವಾರದ ಪೂಜೆ ನಿಲ್ಲಲಿಲ್ಲ. ತೀರ್ಥ ಮಾತ್ರ ಅಂದಿನಿಂದ ಮನೆಯಿಂದಲೇ ತರುತ್ತಿದ್ದರು, ಬೆಳಕಿಗೆ ಹಿಡಿದು ನೋಡಿ.

ಮೊದಲೆರಡು ವರ್ಷ ಮೇಸ್ತ್ರಿ ಯಾವಾಗಲಾದರೊಮ್ಮೆ ಬರುತ್ತಿದ್ದರು. ಕೋಲು ಕಿವಿಗಿಟ್ಟು ಎಲ್ಲ ಕಡೆ ಕೇಳಿ, ಏನೂ ಇಲ್ಲ ಸಾ ಎಂದು ಸ್ವಲ್ಪ ಬೇಜಾರಿನಲ್ಲೇ ಹೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ಬರಬರುತ್ತ ಬರುವುದು ನಿಂತಿತು. ಕರೆಯಲು ಕಾರಣವೂ ಇರಲಿಲ್ಲ. ನಾನು ನಿವೃತ್ತನಾದೆ. ಯಜಮಾನರು ತೀರಿಕೊಂಡರು, ಲಾಡ್ಜು ಬೇರೆಯವರ ಕೈಗೆ ಹೋಯಿತು. ಹೋದ ವರ್ಷ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಸಿಕ್ಕರು, ಮುಡುಕುತೊರೆಯಲ್ಲಿರುವ ಮಗಳ ಮನೆಗೆ ಹೊರಟಿದ್ದರು. ಎಲೆಅಡಿಕೆ ಹಂಚಿಕೊಂಡು ಅದೂ ಇದೂ ಮಾತಾಡುತ್ತ ಮೇಸ್ತ್ರಿ ಹೇಗಿದ್ದಾರಂತೆ ಎಂದೆ. ಅಕ್ಕ ನನ್ನನ್ನು ವಿಚಿತ್ರವಾಗಿ ನೋಡಿದರು. “ಓ, ನಿಮ್ಗೆ ಗೊತ್ತೇ ಇಲ್ವಾ ಸಾ? ಅವ್ರು ಓಗಿ ಮೂರು ವರ್ಷ ಆಯ್ತಲ್ಲ.” ಅಷ್ಟರಲ್ಲಿ ಅವರ ಬಸ್ಸು ಬಂತು...

ಮೂರು ವರ್ಷ. ನನ್ನ ಫೋನಿನಲ್ಲಿ ‘ಸೋಸಲೆ ಮೇಸ್ತ್ರಿ’ ಎಂಬ ನಂಬರು ಆ ಮೂರೂ ವರ್ಷ ಸುಮ್ಮನೆ ಕೂತಿತ್ತು. ನಮ್ಮ ಮನೆಯ ನಲ್ಲಿಗಳನ್ನೂ ಅವರೇ ಒಂದು ಭಾನುವಾರ ಬಂದು ಸರಿಮಾಡಿ ಹೋಗಿದ್ದರು. ಒಂದೂ ಸೋರಲಿಲ್ಲ. ಅವರು ಸ್ವಲ್ಪ ಕೆಟ್ಟ ಕೆಲಸಗಾರರಾಗಿದ್ದರೆ ಈ ನಡುವೆ ನಾಲ್ಕು ಸಲವಾದರೂ ನಮ್ಮ ಮನೆಗೆ ಬಂದಿರುತ್ತಿದ್ದರು.

ಸೋಮವಾರ ನಾನು ಮೇಜಿನ ಡ್ರಾಯರಿನಿಂದ ಪೊಟ್ಟಣ ತೆಗೆದೆ. ಬೆಣೆಯನ್ನು ಪಕ್ಕಕ್ಕಿಟ್ಟು ಒಂದು ವಾಷರು ಆರಿಸಿಕೊಂಡೆ. ಮೊದಲ ಸಲ ತಲೆಕೆಳಗಾಗಿ ಹಾಕಿದೆ, ಎರಡನೆಯ ಸಲ ಸರಿಯಾಯಿತು. ಮತ್ತೆ ಡಿಕಾಕ್ಷನ್ನು ಸುರಿದು, ಹೆಂಡತಿಯ ಕಡೆ ನೋಡದೆ, ಸ್ಟೂಲಿನ ಮೇಲೆ ಕೂತೆ. ಅರ್ಧ ಗಂಟೆ ಕಾದೆ. ಪಿಂಗಾಣಿ ಬೆಳ್ಳಗೇ ಇತ್ತು. ಸದ್ದು ನಿಂತಿತ್ತು. ಅಡುಗೆಮನೆಯಿಂದ ಒಂದು ಬಿದಿರಿನ ಊದುಕೊಳವೆ ತಂದು ಟ್ಯಾಂಕಿಗೆ ಒತ್ತಿ ಕಿವಿಯಿಟ್ಟು ಕೇಳಿದೆ. ಏನೂ ಇಲ್ಲ ಸಾ, ಏನೂ ಇಲ್ಲ.